ಪೆಡಲ್ ಕುಸಿದರೆ, ಬೆಳಗ್ಗೆ ಇಂಜಿನ್ ಹಿಡಿಯದಿದ್ದರೆ: ಹಳೆಯ ಜೀಪು, ಓಮ್ನಿಗಳ ಬ್ರೇಕ್ ಮತ್ತು ಇಂಧನ ಪೈಪ್ ದೋಷ ನಿವಾರಣೆ

ಕಾಸರಗೋಡಿನ ಮುಳ್ಳೇರಿಯ, ಅಡೂರು, ಪೆರ್ಲ ಕಡೆಯ ತೋಟಗಳಲ್ಲಿ ಅಡಿಕೆ ಗೋಣಿ ಹೊರುವ ಹಳೆಯ ಡೀಸೆಲ್ ಜೀಪಿರಲಿ, ಕುಂಬಳೆ, ಉಪ್ಪಳದ ಕಡಲ ಬದಿಯಲ್ಲಿ ಓಡುವ ಓಮ್ನಿ ಅಥವಾ ಮಾರುತಿ 800 ಇರಲಿ, ಇಂಜಿನ್ ಇನ್ನೂ ಗಟ್ಟಿಯಾಗಿರುವಾಗಲೇ ಅಡಿಯ ಪೈಪುಗಳು ತುಕ್ಕು ತಿಂದು ಮುಗಿದಿರುತ್ತವೆ. ಬ್ರೇಕ್ ಪೈಪಿನ ಹೊರವ್ಯಾಸ 4.75 ಮಿ.ಮೀ., ಗೋಡೆಯ ದಪ್ಪ ಸುಮಾರು 0.7 ಮಿ.ಮೀ. ಜೋರಾಗಿ ಬ್ರೇಕ್ ಒತ್ತಿದಾಗ ಆ ತೆಳು ಗೋಡೆಯ ಮೇಲೆ 70ರಿಂದ 100 ಬಾರ್ ಒತ್ತಡ ಬೀಳುತ್ತದೆ. ಟಯರಿಗೆ ಹಾಕುವ ಗಾಳಿ 2 ಬಾರಿನ ಆಸುಪಾಸು ಎಂದು ನೆನಪಿಟ್ಟರೆ ಇದೆಷ್ಟು ಎಂದು ಗೊತ್ತಾಗುತ್ತದೆ. ಹಾಗಾಗಿ ಹಾಳಾದದ್ದು ಯಾವುದು ಎಂದು ಖಚಿತವಾಗುವವರೆಗೆ ಸ್ಪ್ಯಾನರ್ ಹಿಡಿಯಬೇಡಿ. ಖಚಿತವಾದ ಮೇಲೆ ತೂತಾದ ಜಾಗಕ್ಕೆ ತೇಪೆ ಹಾಕಬೇಡಿ, ಒಂದು ಜೋಡಣೆಯಿಂದ ಇನ್ನೊಂದು ಜೋಡಣೆಯವರೆಗೆ ಪೈಪನ್ನು ಇಡಿಯಾಗಿ ಬದಲಿಸಿ.

ತುಕ್ಕು ಎಲ್ಲಿ ಕೂರುತ್ತದೆ

ಬರಿಗಣ್ಣಿಗೆ ಚೆನ್ನಾಗಿ ಕಾಣುವ ನೇರ ಭಾಗದಲ್ಲಿ ಪೈಪ್ ತೂತಾಗುವುದು ಕಡಿಮೆ. ತೂತು ಬೀಳುವುದು ಪೈಪನ್ನು ಚಾಸಿಸ್‌ಗೆ ಹಿಡಿದಿಡುವ ಕ್ಲಿಪ್ಪಿನ ಅಡಿಯಲ್ಲಿ. ನಮ್ಮ ಮುರಮಣ್ಣು ಮಳೆಗಾಲದಲ್ಲಿ ಕ್ಲಿಪ್ ಮತ್ತು ಪೈಪಿನ ನಡುವೆ ತುಂಬಿಕೊಂಡರೆ ಆಟಿ ತಿಂಗಳು ಕಳೆದು, ಸೋಣ ತಿಂಗಳು ಕಳೆದು, ಬಿಸಿಲು ಬಂದ ಮೇಲೂ ಒಳಗೆ ಒದ್ದೆಯಾಗಿಯೇ ಇರುತ್ತದೆ. ಕಡಲ ಬದಿಯ ಗಾಡಿಗಳಿಗೆ ಉಪ್ಪುಗಾಳಿಯೂ ಸೇರುತ್ತದೆ. ಕ್ಲಿಪ್ ಬಿಚ್ಚಿ, ವೈರ್ ಬ್ರಷ್ ಹಗುರವಾಗಿ ಆಡಿಸಿ, ಉಗುರಿನಿಂದ ಗೀರಿ ನೋಡಿ. ಮೇಲ್ಮೈ ಕಂದಾಗಿದ್ದರೂ ನುಣುಪಾಗಿದ್ದರೆ ಸದ್ಯಕ್ಕೆ ಸರಿ. ಉಗುರಿಗೆ ಗುಳಿ ಸಿಕ್ಕರೆ, ಅಥವಾ ಪದರ ಎದ್ದು ಬಂದರೆ, ಆ ಪೈಪಿನ ಆಯುಷ್ಯ ಮುಗಿಯಿತು. ಹಿಂದಿನ ಆಕ್ಸಲ್ ಮೇಲೆ ಹಾದುಹೋಗುವ ಪೈಪು, ಡೀಸೆಲ್ ಟ್ಯಾಂಕಿನ ಹಿಂಬದಿ, ಚಾಸಿಸ್ ತೂತಿನ ರಬ್ಬರ್ ಗ್ರೋಮೆಟ್ಟಿನ ಒಳಭಾಗ, ಈ ಮೂರನ್ನು ಕನ್ನಡಿ ಮತ್ತು ಟಾರ್ಚ್ ಹಿಡಿದು ತಪ್ಪದೆ ನೋಡಿ.

ತೋಟದ ಗಾಡಿಗಳಿಗೆ ಇನ್ನೊಂದು ಶತ್ರು ಇದೆ: ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್. ಅಡಿಕೆಗೆ ಸಿಂಪಡಿಸುವ ಬೋರ್ಡೋ (ಮೈಲುತುತ್ತು, ಸುಣ್ಣದ ಮಿಶ್ರಣ) ತಯಾರಿಸುವಾಗ ಚಾಕುವಿನ ಅಲಗನ್ನು ದ್ರಾವಣದಲ್ಲಿ ಅದ್ದಿ ನೋಡುತ್ತೇವಲ್ಲ, ಅಲಗು ಕೆಂಪಾದರೆ ಸುಣ್ಣ ಸಾಲದು ಎಂದು ಇನ್ನಷ್ಟು ಸುಣ್ಣ ಹಾಕುತ್ತೇವೆ. ಆ ಕೆಂಪು ಎಂದರೆ ಅಲಗಿನ ಕಬ್ಬಿಣ ಕರಗಿ ಅದರ ಜಾಗದಲ್ಲಿ ತಾಮ್ರ ಕೂತದ್ದು. ಡ್ರಮ್ಮಿನಲ್ಲಿ ಕರಗಿಸಿಟ್ಟ ಮೈಲುತುತ್ತಿನ ನೀರು ಜೀಪಿನ ಹಿಂಭಾಗದಲ್ಲಿ ತುಳುಕಿ, ತಗಡಿನ ಸಂದಿಯಿಂದ ಇಳಿದು ಪೈಪಿನ ಮೇಲೆ ಬಿದ್ದರೆ ಅಲ್ಲಿಯೂ ಇದೇ ನಡೆಯುತ್ತದೆ. ಪೊಟಾಶ್ ಗೊಬ್ಬರದ ಗೋಣಿ ಹರಿದು ಚೆಲ್ಲಿದರೂ ಪೈಪ್ ತುಕ್ಕು ಹಿಡಿಯುತ್ತದೆ, ಅದು ಕಡಲ ಉಪ್ಪಿನಂತೆ ಕ್ಲೋರೈಡ್ ಉಪ್ಪು. ಪೈಪಿನ ಮೇಲೆ ಒಂದೇ ಕಡೆ ಕೆಂಪು ತಾಮ್ರದ ಲೇಪ ಅಥವಾ ಹಸಿರು ಕಲೆ ಕಂಡರೆ ಅಲ್ಲಿಂದಲೇ ಹುಡುಕಾಟ ಆರಂಭಿಸಿ.

ಬ್ರೇಕ್: ಪೆಡಲ್ ಏನು ಹೇಳುತ್ತದೆ

ಮೊದಲು ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಪೈಪಿಗೆ ತಳ್ಳುವುದು) ಮೇಲಿನ ಡಬ್ಬಿಯಲ್ಲಿ ಆಯಿಲಿನ ಮಟ್ಟ ನೋಡಿ, ಪೆನ್ನಿನಿಂದ ಗುರುತು ಹಾಕಿ. ಆಮೇಲೆ ಗಾಡಿ ನಿಂತಲ್ಲೇ ಪೆಡಲ್ ಒತ್ತಿ.

ಮೊದಲ ಒತ್ತಿಗೆ ಪೆಡಲ್ ಕೆಳಗೆ ಹೋಗಿ, ಕೂಡಲೇ ಎರಡನೆಯ ಒತ್ತಿಗೆ ಮೇಲೆಯೇ ಗಟ್ಟಿಯಾಗಿ ನಿಂತರೆ ಹೆಚ್ಚಿನ ಸಲ ಅದು ಹಿಂದಿನ ಡ್ರಮ್ ಶೂಗಳ ಅಂತರ ಹೆಚ್ಚಾದದ್ದು. ಅಡ್ಜಸ್ಟ್ ಮಾಡಿದರೆ ಮುಗಿಯಿತು, ಪೈಪಿನ ತಪ್ಪಲ್ಲ. ಒತ್ತಿದಾಗ ಸ್ಪಂಜಿನಂತೆ ಮೆತ್ತಗೆ ಅನಿಸಿ, ಪಂಪ್ ಮಾಡಿದಷ್ಟೂ ಮೇಲೇರುತ್ತ ಬಂದರೆ ಒಳಗೆ ಗಾಳಿ ಇದೆ. ಗಟ್ಟಿಯಾಗಿ ನಿಂತ ಪೆಡಲ್, ಒಂದೇ ಸಮನಾಗಿ ಒತ್ತಿ ಹಿಡಿದಾಗ ನಿಧಾನಕ್ಕೆ ತಳಕ್ಕೆ ಇಳಿದರೆ ಎರಡರಲ್ಲೊಂದು: ಹೊರಗೆ ಸೋರಿಕೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಕಪ್ ದಾಟಿ ಆಯಿಲ್ ಹಿಂದಕ್ಕೆ ಬರುತ್ತಿದೆ. ಇವೆರಡನ್ನು ಬೇರ್ಪಡಿಸುವುದು ಡಬ್ಬಿಯ ಮೇಲಿನ ಗುರುತು. ಮಟ್ಟ ಇಳಿಯದೆ ಪೆಡಲ್ ಮಾತ್ರ ಇಳಿದರೆ ಮಾಸ್ಟರ್ ಸಿಲಿಂಡರನ್ನು ಅನುಮಾನಿಸಿ.

ಮಟ್ಟ ಇಳಿಯುತ್ತಿದೆ, ಆದರೆ ನೆಲದಲ್ಲಿ ಒಂದು ಹನಿಯೂ ಇಲ್ಲ ಎಂದಾಗ ಎರಡು ಜಾಗ ಉಳಿಯುತ್ತವೆ. ಒಂದು, ಡ್ರಮ್ಮಿನೊಳಗೆ ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್: ಡ್ರಮ್ ತೆಗೆದು ಅದರ ರಬ್ಬರ್ ಟೊಪ್ಪಿಯನ್ನು ಸ್ವಲ್ಪ ಎತ್ತಿದರೆ ಒಳಗೆ ಒದ್ದೆ ಕಾಣುತ್ತದೆ. ಇನ್ನೊಂದು, ಪೆಡಲಿನ ಬಲ ಹೆಚ್ಚಿಸುವ ಬೂಸ್ಟರ್: ಮಾಸ್ಟರ್ ಸಿಲಿಂಡರಿನ ಹಿಂಬದಿ ಸೀಲ್ ಹೋಗಿದ್ದರೆ ಆಯಿಲ್ ಬೂಸ್ಟರಿನ ಹೊಟ್ಟೆಗೆ ಇಳಿದು ಸೇರುತ್ತದೆ. ಹಿಡಿದಿಟ್ಟ ನಟ್ಟುಗಳನ್ನು ಬಿಚ್ಚಿ, ಸಿಲಿಂಡರನ್ನು ಮುಂದಕ್ಕೆ ಎಳೆದು ಬೆರಳಿಟ್ಟು ನೋಡಿ.

ಹನಿ ಸಿಕ್ಕರೆ ಅದು ಯಾವುದು ಎಂದು ಗುರುತಿಸುವುದು ಸುಲಭ. ಒಂದು ಲೋಟ ನೀರಿಗೆ ಆ ಹನಿ ಬಿಡಿ. ಬ್ರೇಕ್ ಆಯಿಲ್ ಎಂದು ನಾವು ಕರೆದರೂ ಅದು ಎಣ್ಣೆಯಲ್ಲ, ಗ್ಲೈಕಾಲ್ ಆಧಾರದ ದ್ರವ. ನೀರಿನಲ್ಲಿ ಬೆರೆತು ಹೋಗುತ್ತದೆ. ಡೀಸೆಲ್, ಪೆಟ್ರೋಲ್, ಇಂಜಿನ್ ಆಯಿಲ್ ಮೇಲೆ ತೇಲುತ್ತವೆ.

ಗಾಡಿ ಒಂದು ಬದಿಗೆ ಎಳೆದರೆ, ಅಥವಾ ಒಂದು ಚಕ್ರ ಹಿಡಿದುಕೊಂಡು ಬಿಸಿಯಾದರೆ, ಉಕ್ಕಿನ ಪೈಪಿಗಿಂತ ಮೊದಲು ರಬ್ಬರ್ ಹೋಸ್ ನೋಡಿ. ಹಳೆಯ ಹೋಸ್ ಒಳಗೆ ಊದಿ, ಹೋಗುವ ಆಯಿಲನ್ನು ಬಿಟ್ಟು ಮರಳುವುದನ್ನು ತಡೆಯುತ್ತದೆ. ಚಕ್ರ ಎತ್ತಿ, ಬ್ರೇಕ್ ಒತ್ತಿ ಬಿಡಿ. ಚಕ್ರ ತಿರುಗದಿದ್ದರೆ ಅಲ್ಲಿನ ಬ್ಲೀಡರ್ (ಗಾಳಿ ತೆಗೆಯುವ ತಿರುಪು) ಸ್ವಲ್ಪ ಸಡಿಲಿಸಿ. ಚಿಮ್ಮಿ ಬಂದು ಚಕ್ರ ಸಡಿಲವಾದರೆ ಒತ್ತಡ ಒಳಗೆ ಸಿಕ್ಕಿಬಿದ್ದಿತ್ತು ಎಂದರ್ಥ, ಹೋಸ್ ಬದಲಿಸಿ. ಬ್ಲೀಡರ್ ಬಿಚ್ಚಿದರೂ ಬಿಗಿಯಾಗಿಯೇ ಇದ್ದರೆ ಕ್ಯಾಲಿಪರ್ ಅಥವಾ ಶೂ ಸಿಕ್ಕಿಕೊಂಡಿದೆ.

ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ ಇರುವ ಗಾಡಿಯಲ್ಲಿ ಒಂದು ಪೈಪ್ ಒಡೆದರೂ ಅರ್ಧ ಬ್ರೇಕ್ ಉಳಿಯುತ್ತದೆ. ತೀರಾ ಹಳೆಯ ಸಿಂಗಲ್ ಸರ್ಕ್ಯೂಟ್ ಜೀಪಿನಲ್ಲಿ ಒಂದು ಪೈಪ್ ಹೋದರೆ ನಾಲ್ಕೂ ಚಕ್ರ ಹೋಯಿತು. ಅಂಥ ಜೀಪನ್ನು ಪಾಣತ್ತೂರು ಕಡೆಯ ಇಳಿಜಾರಿನಲ್ಲಿ ಓಡಿಸುವವರು ಪೈಪಿಗೆ ಉಗುರಿನ ಪರೀಕ್ಷೆಯನ್ನು ಪ್ರತಿ ವರ್ಷ ಮಳೆ ಹಿಡಿಯುವ ಮೊದಲೇ ಮಾಡಲೇಬೇಕು.

ಗಾಡಿ ಎತ್ತುವಾಗ

ಮುರಕಲ್ಲಿನ ಮೇಲೆ ಗಾಡಿ ನಿಲ್ಲಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಮನೆ ಕಟ್ಟಲು ಗೋಡೆಯ ಭಾರ ಸಮನಾಗಿ ಹೊರುವ ಕಲ್ಲು ಅದು. ಆಕ್ಸಲಿನ ಕಿರಿದಾದ ಅಂಚು ಒಂದೇ ಕಡೆ ಕೂತಾಗ, ಅದರಲ್ಲೂ ಮಳೆನೀರು ಕುಡಿದ ಕಲ್ಲು, ಮುನ್ಸೂಚನೆ ಕೊಡದೆ ಸೀಳುತ್ತದೆ. ಜಾಕಿ ಎತ್ತಲು ಮಾತ್ರ, ನಿಲ್ಲಿಸಲು ಅಲ್ಲ. ಕಬ್ಬಿಣದ ಸ್ಟ್ಯಾಂಡ್ ನಾಲ್ಕು ಬೇಕು. ಮಣ್ಣಿನ ಅಂಗಳವಾದರೆ ಪ್ರತಿ ಸ್ಟ್ಯಾಂಡಿನ ಅಡಿಗೆ ಕನಿಷ್ಠ 2 ಇಂಚು ದಪ್ಪದ ಹಲಗೆ ಹಾಕಿ. ಕೆಳಗೆ ನುಸುಳುವ ಮೊದಲು ಗಾಡಿಯನ್ನು ಪಕ್ಕದಿಂದ ಜೋರಾಗಿ ನೂಕಿ ನೋಡಿ.

ಬಿಚ್ಚುವುದು

ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಸಾಮಾನ್ಯ ಓಪನ್ ಸ್ಪ್ಯಾನರ್ ಬೇಡ, ಅದು ನಟ್ಟಿನ ಎರಡೇ ಮುಖ ಹಿಡಿದು ಮೂಲೆ ಸವೆಸುತ್ತದೆ. ನಟ್ಟಿನ ಹೆಚ್ಚಿನ ಮುಖಗಳನ್ನು ಹಿಡಿಯುವ ಫ್ಲೇರ್ ನಟ್ ಸ್ಪ್ಯಾನರನ್ನು ನಟ್ಟಿನ ಅಳತೆಗೆ ತಕ್ಕಂತೆ ತನ್ನಿ, ಮಾರುತಿಗಳಲ್ಲಿ ಸಾಮಾನ್ಯವಾಗಿ 10 ಮಿ.ಮೀ. ಮೊದಲು ಕೂದಲೆಳೆಯಷ್ಟು ಬಿಗಿಸಿ, ತುಕ್ಕಿನ ಹಿಡಿತ ಮುರಿದ ಸದ್ದು ಬಂದ ಮೇಲೆ ಸಡಿಲಿಸಿ. ನಟ್ಟಿನ ಜೊತೆ ಪೈಪೂ ತಿರುಚಿಕೊಂಡರೆ ಬಲ ಹಾಕಬೇಡಿ. ಹೇಗೂ ಹೊಸ ಪೈಪ್ ಹಾಕುವವರಿದ್ದೀರಿ, ನಟ್ಟಿನ ಹತ್ತಿರವೇ ಪೈಪ್ ಕತ್ತರಿಸಿ, ಆರು ಮುಖದ ಸಾಕೆಟ್ ಕೂರಿಸಿ ಬಿಚ್ಚಿ.

ಪೈಪ್ ತೆರೆದಾಗ ಡಬ್ಬಿ ಪೂರ್ತಿ ಬರಿದಾಗದಂತೆ ಒಂದು ಉಪಾಯವಿದೆ. ಪೆಡಲನ್ನು ಒಂದೆರಡು ಇಂಚು ಒತ್ತಿ, ಸೀಟಿಗೂ ಪೆಡಲಿಗೂ ನಡುವೆ ಅಡಿಕೆ ಸಲಾಕೆಯ ತುಂಡೊಂದನ್ನು ಕೊಡಿ. ಒಳಗಿನ ಕಪ್ ಸ್ವಲ್ಪ ಮುಂದೆ ಸರಿದು ಡಬ್ಬಿಯಿಂದ ಬರುವ ಸಣ್ಣ ರಂಧ್ರವನ್ನು ಮುಚ್ಚುತ್ತದೆ, ಹರಿವು ನಿಲ್ಲುತ್ತದೆ. ಬ್ರೇಕ್ ಲೈಟ್ ಉರಿಯುತ್ತಲೇ ಇರುವುದರಿಂದ ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ. ಚೆಲ್ಲಿದ ಆಯಿಲ್ ಬಣ್ಣವನ್ನು ಎಬ್ಬಿಸುತ್ತದೆ, ಕೂಡಲೇ ನೀರು ಹಾಕಿ ತೊಳೆಯಿರಿ. ಈ ಕೆಲಸ ಬಾವಿಕಟ್ಟೆಯಿಂದ ದೂರವಿರಲಿ.

ಹಳೆಯ ಪೈಪನ್ನು ಎಸೆಯಬೇಡಿ. ಅದೇ ಹೊಸದಕ್ಕೆ ಅಳತೆ, ಅದೇ ಬಾಗುಗಳ ನಕ್ಷೆ.

ಯಾವ ಪೈಪ್, ಯಾವ ನಟ್, ಯಾವ ಫ್ಲೇರ್

ಏಸಿ ರಿಪೇರಿಗೆ ಬಳಸುವ ಬರೀ ತಾಮ್ರದ ಪೈಪನ್ನು ಬ್ರೇಕಿಗೆ ಹಾಕಬೇಡಿ. ಬಾಗುವುದು ಸುಲಭ, ಫ್ಲೇರ್ (ಅಗಲಿಸಿದ ತುದಿ) ಚಂದ ಬರುತ್ತದೆ, ತುಕ್ಕೂ ಹಿಡಿಯುವುದಿಲ್ಲ, ಅದಕ್ಕೇ ಜನ ಮರುಳಾಗುತ್ತಾರೆ. ಆದರೆ ಇಂಜಿನ್ ಮತ್ತು ರಸ್ತೆಯ ಕಂಪನಕ್ಕೆ ತಾಮ್ರ ದಿನೇದಿನೇ ಗಡುಸಾಗಿ, ಫ್ಲೇರಿನ ಹಿಂಭಾಗದಲ್ಲಿ ಉಂಗುರದಂತೆ ಬಿರುಕು ಬಿಡುತ್ತದೆ. ಲೇಪನವಿರುವ ಎರಡು ಪದರದ ಉಕ್ಕಿನ ಬಂಡಿ ಟ್ಯೂಬ್, ಅಥವಾ ಸುಮಾರು 90 ಭಾಗ ತಾಮ್ರಕ್ಕೆ 10 ಭಾಗ ನಿಕಲ್ ಬೆರೆತ ಕುಪ್ರೋನಿಕಲ್ ಟ್ಯೂಬ್, ಈ ಎರಡೇ ಸರಿ. ಉಪ್ಪುಗಾಳಿಯ ಊರಿಗೆ ಕುಪ್ರೋನಿಕಲ್ಲೇ ಮೇಲು. ಬೆಲೆ ಹೆಚ್ಚಾದರೂ ಕೈಯಲ್ಲಿ ಬಾಗುತ್ತದೆ, ಮನೆಯ ಉಪಕರಣದಲ್ಲಿ ಫ್ಲೇರ್ ಸುಲಭ. ಆದರೆ ಮೈಲುತುತ್ತು, ಗೊಬ್ಬರ ಚೆಲ್ಲಿದ್ದನ್ನು ತೊಳೆಯದೆ ಬಿಟ್ಟರೆ ಯಾವ ಪೈಪಿಗೂ ಒಳ್ಳೆಯದಲ್ಲ.

ನಟ್ಟಿನ ವಿಷಯದಲ್ಲಿ ಆಗುವ ತಪ್ಪು ಪ್ರಾಣಕ್ಕೇ ಬರುತ್ತದೆ. ಮಾರುತಿ ಗಾಡಿಗಳಲ್ಲಿ ಸಾಮಾನ್ಯವಾಗಿ ಎಂ10×1 ಮೆಟ್ರಿಕ್ ಮರೆ (ಥ್ರೆಡ್). ಹಳೆಯ ಜೀಪು, ಅಂಬಾಸಿಡರಿನಂಥ ಇಂಚಿನ ಕಾಲದ ಗಾಡಿಗಳಲ್ಲಿ 3/8 ಇಂಚು, ಇಂಚಿಗೆ 24 ಮರೆ. ಎರಡೂ ಕಣ್ಣಿಗೆ ಒಂದೇ. 3/8 ಎಂದರೆ 9.53 ಮಿ.ಮೀ., ಹಾಗಾಗಿ ಅದು 10 ಮಿ.ಮೀ. ತೂತಿಗೆ ಸಡಿಲವಾಗಿ ಹೋಗುತ್ತದೆ, ಸ್ವಲ್ಪ ಬಿಗಿಯೂ ಆದಂತೆ ಅನಿಸುತ್ತದೆ, ಜೋರಾಗಿ ಬ್ರೇಕ್ ಒತ್ತಿದ ದಿನ ಮರೆ ಕಿತ್ತು ಹೊರಬರುತ್ತದೆ. ಹಳೆಯ ನಟ್ಟನ್ನು ಹೊಸದರ ಪಕ್ಕ ಹಿಡಿದು, ಬೆಳಕಿಗೆ ಎದುರಾಗಿ ಮರೆಯೊಳಗೆ ಮರೆ ಕೂರಿಸಿ ನೋಡಿ. ಪೂರ್ತಿ ಉದ್ದಕ್ಕೂ ಸಂದಿಯಿಲ್ಲದೆ ಕೂತರೆ ಮಾತ್ರ ಅದು ಜೋಡಿ. ಪೋರ್ಟಿನಲ್ಲಿ ಬೆರಳಿನಿಂದಲೇ ಐದಾರು ಸುತ್ತು ಅಲುಗಾಡದೆ ಹೋಗಬೇಕು.

ಫ್ಲೇರಿನಲ್ಲೂ ಎರಡು ಜಾತಿ. ಪೈಪಿನ ತುದಿ ಆಲಿಕೆಯಂತೆ ಬಾಯಗಲಿಸಿ, ಅಂಚು ಒಳಕ್ಕೆ ಮಡಿಸಿದ್ದರೆ ಡಬಲ್ ಫ್ಲೇರ್, ಅದರ ಕೋನ 45 ಡಿಗ್ರಿ. ಅದು ಕೂರುವ ಪೋರ್ಟಿನ ತಳದಲ್ಲಿ ಉಬ್ಬಿದ ಗೋಪುರ ಕಾಣುತ್ತದೆ. ತುದಿ ಅಣಬೆಯ ತಲೆಯಂತೆ ಉರುಟಾಗಿದ್ದರೆ ಬಬಲ್ ಫ್ಲೇರ್, ಅದರ ಪೋರ್ಟ್ ತಳ ಒಳಕ್ಕೆ ತಗ್ಗಿರುತ್ತದೆ. ಒಂದಕ್ಕೆ ಇನ್ನೊಂದು ಹಾಕಿದರೆ ಎಷ್ಟು ಬಿಗಿಸಿದರೂ ಸೋರುತ್ತದೆ, ಬಿಗಿಸಿದಷ್ಟೂ ಪೋರ್ಟಿನ ಕೂರುವ ಮುಖ ಕೆಡುತ್ತದೆ.

ಉದ್ದಕ್ಕೆ ಹಳೆಯ ಪೈಪಿನ ಬಾಗುಗಳನ್ನು ಅನುಸರಿಸಿ ಒಂದು ಹುರಿ ಹಿಡಿದು ಅಳೆಯಿರಿ, ಪ್ರತಿ ತುದಿಗೆ 10 ಮಿ.ಮೀ. ಸೇರಿಸಿ. ಇಡೀ ಗಾಡಿಗೆ ಬೇಕಾದರೆ 25 ಅಡಿ, ಅಂದರೆ 7.6 ಮೀಟರಿನ ಸುರುಳಿ ಹೆಚ್ಚಿನ ಸಣ್ಣ ಗಾಡಿಗಳಿಗೆ ಸಾಕಾಗುತ್ತದೆ. ಫ್ಲೇರ್ ಕೆಡುವುದು ಖಂಡಿತ ಇರುವುದರಿಂದ ಅರ್ಧ ಮೀಟರ್ ಅಭ್ಯಾಸಕ್ಕೆ ಇಟ್ಟುಕೊಳ್ಳಿ.

ಕತ್ತರಿಸಲು ಹ್ಯಾಕ್ಸಾ ಬೇಡ, ಸಣ್ಣ ಟ್ಯೂಬ್ ಕಟರ್ ಬಳಸಿ, ಪ್ರತಿ ಸುತ್ತಿಗೂ ಕೂದಲೆಳೆಯಷ್ಟೇ ಬಿಗಿಸಿ. ಒಳಗಿನ ಮುಳ್ಳು ಕೆರೆದು ತೆಗೆಯಿರಿ, ಹೊರ ಅಂಚನ್ನು ಅರಕ್ಕೆ ಸ್ವಲ್ಪ ತಾಗಿಸಿ. ಪುಡಿಯನ್ನು ಊದಿ ತೆಗೆಯಿರಿ, ಅದು ಒಳಗುಳಿದರೆ ಮಾಸ್ಟರ್ ಸಿಲಿಂಡರಿನ ಕಪ್ಪನ್ನು ಗೀರುತ್ತದೆ. ಈಗ ನಟ್ಟನ್ನು ಪೈಪಿಗೆ ಹಾಕಿ. ಎರಡೂ ತುದಿ ಫ್ಲೇರ್ ಆದ ಮೇಲೆ ನಟ್ ನೆನಪಾದರೆ ಪೈಪನ್ನು ಮತ್ತೆ ಕತ್ತರಿಸುವುದೇ ಗತಿ.

ಪೈಪನ್ನು ಬಿಗಿಯಾಗಿ ಹಿಡಿಯುವ ಡೈಯಲ್ಲಿ ಪೈಪ್ ಹೊರಚಾಚಬೇಕಾದ ಎತ್ತರ ನಿಮ್ಮ ಫ್ಲೇರ್ ಸೆಟ್ಟಿನ ಅಡಾಪ್ಟರ್ ಗುಂಡಿಯ ಭುಜದ ದಪ್ಪದಷ್ಟೇ. ಗುಂಡಿಯನ್ನು ಪಕ್ಕದಲ್ಲಿ ಮಲಗಿಸಿ ಅಳೆಯಿರಿ. ಡೈಯ ತಿರುಪುಗಳನ್ನು ಪೈಪಿನ ಹತ್ತಿರದ್ದು ಮೊದಲು, ದೂರದ್ದು ಆಮೇಲೆ ಬಿಗಿಸಿ. ಪೈಪ್ ಕೆಳಗೆ ಜಾರಿ ಫ್ಲೇರ್ ಮೋಟಾಗುವುದು ಇಲ್ಲಿಯೇ. ತುದಿಗೆ ಒಂದು ಹನಿ ಬ್ರೇಕ್ ಆಯಿಲ್ ಹಾಕಿ, ಗುಂಡಿ ಇಟ್ಟು, ಅದು ಡೈಗೆ ತಾಗುವವರೆಗೆ ತಿರುಪನ್ನು ಇಳಿಸಿ. ತುದಿ ಗುಳ್ಳೆಯಂತೆ ಉಬ್ಬುತ್ತದೆ. ಗುಂಡಿ ತೆಗೆದು ಶಂಕುವಿನ ತುದಿಯಿಂದ ಎರಡನೆಯ ಸಲ ಒತ್ತಿ, ಉಬ್ಬಿದ್ದು ಒಳಕ್ಕೆ ಮಡಿಸಿಕೊಂಡು ಆಲಿಕೆಯಾಗುತ್ತದೆ. ಭೂತಗನ್ನಡಿ ಹಿಡಿದು ನೋಡಿ: ಅಂಚು ಸುತ್ತಲೂ ಒಂದೇ ಅಗಲ ಇರಬೇಕು, ರಂಧ್ರ ನಡುವಿನಲ್ಲೇ ಇರಬೇಕು, ಕೂದಲ ಬಿರುಕೂ ಇರಬಾರದು. ಒಂದು ಬದಿಗೆ ವಾಲಿದ್ದರೆ ಕತ್ತರಿಸಿ ಮತ್ತೆ ಮಾಡಿ. ಸತತ ಮೂರು ಸರಿ ಬಂದ ಮೇಲೆ ಗಾಡಿಯ ಪೈಪಿಗೆ ಕೈ ಹಾಕಿ.

ಬಳೆ ಹಾಕಿ ಬಿಗಿಸುವ ಕಂಪ್ರೆಶನ್ ಜೋಡಣೆ, ರಬ್ಬರ್ ತುಂಡು ಸಿಕ್ಕಿಸಿ ಕ್ಲಾಂಪ್, ಬೆಸುಗೆ, ಎಪಾಕ್ಸಿ, ಇವು ಯಾವುದೂ ಬ್ರೇಕ್ ಪೈಪಿಗೆ ಸಲ್ಲ.

ಕೂರಿಸುವುದು, ಗಾಳಿ ತೆಗೆಯುವುದು

ಪೈಪ್ ಹಳೆಯ ದಾರಿಯಲ್ಲೇ ಹೋಗಲಿ. ಮಾಸ್ಟರ್ ಸಿಲಿಂಡರಿನ ಬಳಿ ಸುರುಳಿ ಇದ್ದರೆ ಅದನ್ನು ನೇರ ಮಾಡಬೇಡಿ, ಕಂಪನ ನುಂಗಲು ಇಟ್ಟದ್ದು ಅದು. 30ರಿಂದ 45 ಸೆಂ.ಮೀ.ಗೆ ಒಂದು ಕ್ಲಿಪ್, ಒಳಗೆ ರಬ್ಬರ್ ಪಟ್ಟಿ. ಸೈಲೆನ್ಸರ್, ಪ್ರೊಪೆಲ್ಲರ್ ಶಾಫ್ಟ್, ಸ್ಪ್ರಿಂಗ್ ಯಾವುದೂ ತಾಗಬಾರದು. ಎಲ್ಲ ನಟ್ಟುಗಳನ್ನು ಮೊದಲು ಬೆರಳಿನಿಂದ ಹಿಡಿಸಿ, ಕ್ಲಿಪ್ ಹಾಕಿ, ಕೊನೆಗೆ ಬಿಗಿಸಿ. ಎಂ10 ನಟ್ಟಿಗೆ 15ರಿಂದ 18 ನ್ಯೂಟನ್ ಮೀಟರ್ ಸಾಕು. ಟೆಫ್ಲಾನ್ ಟೇಪ್ ಹಾಕಬೇಡಿ. ಸೋರಿಕೆ ತಡೆಯುವುದು ಮರೆ ಅಲ್ಲ, ಫ್ಲೇರಿನ ಮುಖ.

ಆಯಿಲ್ ನಿಮ್ಮ ಡಬ್ಬಿಯ ಮುಚ್ಚಳದಲ್ಲಿ ಬರೆದದ್ದೇ, ಡಾಟ್ 3 ಅಥವಾ ಡಾಟ್ 4. ಸಿಲಿಕೋನ್ ಡಾಟ್ 5 ಇವುಗಳೊಂದಿಗೆ ಬೆರೆಸಬಾರದು. ಡಾಟ್ 4 ಹೊಸತಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ, ನೀರು ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ನಮ್ಮ ಮಳೆಗಾಲದ ಗಾಳಿಗೆ ತೆರೆದಿಟ್ಟ ಬಾಟಲಿ ಬೇಗ ಕೆಡುತ್ತದೆ. ಅರ್ಧ ಲೀಟರಿನ ಸೀಲಾದ ಡಬ್ಬಿ ಎರಡು ತನ್ನಿ, ಉಳಿದದ್ದನ್ನು ಮುಂದಿನ ವರ್ಷಕ್ಕೆಂದು ಇಡಬೇಡಿ.

ಗಾಳಿ ತೆಗೆಯುವುದು ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ. ನಮ್ಮ ಬಲಗೈ ಸ್ಟಿಯರಿಂಗ್ ಗಾಡಿಗಳಲ್ಲಿ ಸಾಮಾನ್ಯವಾಗಿ ಅದು ಹಿಂದಿನ ಎಡ ಚಕ್ರ. ಹಿಂದಿನ ಆಕ್ಸಲಿನ ಬಳಿ ಭಾರ ನೋಡಿಕೊಂಡು ಒತ್ತಡ ಹಂಚುವ ವಾಲ್ವಿನಲ್ಲಿ ಬ್ಲೀಡರ್ ಇದ್ದರೆ ಅದನ್ನೂ ತೆರೆಯಬೇಕು. ಒಬ್ಬರು ಒತ್ತಿ ಹಿಡಿದಾಗ ಇನ್ನೊಬ್ಬರು ತೆರೆದು, ಮುಚ್ಚಿ, ಆಮೇಲೆ ಪೆಡಲ್ ಬಿಡಬೇಕು. ಹಳೆಯ ಮಾಸ್ಟರ್ ಸಿಲಿಂಡರಿನಲ್ಲಿ ಪೆಡಲನ್ನು ತಳಕ್ಕೆ ತುಳಿಯಬೇಡಿ, ಅರ್ಧದಷ್ಟೇ ಒತ್ತಿ. ಅಡಿಗೆ ಹಲಗೆ ತುಂಡೊಂದನ್ನು ಇಟ್ಟರೆ ಸಾಕು. ದಿನನಿತ್ಯ ಕಪ್ ಓಡಾಡದ ಕೊನೆಯ ಭಾಗದಲ್ಲಿ ತುಕ್ಕು, ಕೆಸರು ಕೂತಿರುತ್ತದೆ, ಅದರ ಮೇಲೆ ಉಜ್ಜಿದ ಕಪ್ ಹರಿದು, ಪೈಪ್ ಸರಿಯಾದರೂ ಪೆಡಲ್ ಇಳಿಯತೊಡಗುತ್ತದೆ.

ಗಾಳಿ ಹೋದ ಮೇಲೆ ಇಂಜಿನ್ ಚಾಲೂ ಮಾಡಿ, ಪೂರ್ತಿ ಬಲ ಹಾಕಿ ಒಂದು ನಿಮಿಷ ಒತ್ತಿ ಹಿಡಿಯಿರಿ. ಇನ್ನೊಬ್ಬರು ಒಣ ಕಾಗದದಿಂದ ಪ್ರತಿ ಜೋಡಣೆಯನ್ನು ಒರೆಸಿ ನೋಡಲಿ. ಅಂಗಳದಲ್ಲಿ ನಡಿಗೆಯ ವೇಗದಲ್ಲಿ ಹತ್ತಾರು ಸಲ ನಿಲ್ಲಿಸಿ ನೋಡಿದ ಮೇಲೆಯೇ ರಸ್ತೆ.

ಇಂಧನ: ಸೋರಿಕೆ ಕಾಣದ ದೋಷ

ಡೀಸೆಲ್ ಜೀಪು ರಾತ್ರಿ ನಿಂತು ಬೆಳಗ್ಗೆ ಹಿಡಿಯದಿದ್ದರೆ, ಹ್ಯಾಂಡ್ ಪಂಪ್ ಒತ್ತಿದರೆ ಮಾತ್ರ ಹಿಡಿದರೆ, ಬ್ಯಾಟರಿಯನ್ನೋ ನಾಝಲನ್ನೋ ದೂರುವ ಮೊದಲು ಪೈಪ್ ನೋಡಿ. ಟ್ಯಾಂಕಿನಿಂದ ಡೀಸೆಲ್ ಎಳೆದು ಕೊಡುವ ಫೀಡ್ ಪಂಪಿನವರೆಗಿನ ಪೈಪ್ ಎಳೆಯುವ ಬದಿ. ಅಲ್ಲಿ ಸೂಜಿಮೊನೆಯಷ್ಟು ತೂತಾದರೆ ಡೀಸೆಲ್ ಹೊರಬರುವುದಕ್ಕಿಂತ ಗಾಳಿ ಒಳಹೋಗುವುದೇ ಹೆಚ್ಚು. ರಾತ್ರಿ ಡೀಸೆಲ್ ಟ್ಯಾಂಕಿಗೆ ಮರಳಿ ಇಳಿದಿರುತ್ತದೆ. ಫೀಡ್ ಪಂಪಿಗೆ ಬರುವಲ್ಲಿ ಒಂದು ಅಡಿ ಪಾರದರ್ಶಕ ಹೋಸ್ ತಾತ್ಕಾಲಿಕವಾಗಿ ಸೇರಿಸಿ, ಇಂಜಿನ್ ಓಡಿಸಿ ನೋಡಿ. ಗುಳ್ಳೆ ಸಾಲಾಗಿ ಬಂದರೆ ದೋಷ ಅದರ ಹಿಂದೆ ಇದೆ.

ಖಚಿತಪಡಿಸಲು ಒಂದು ಸ್ವಚ್ಛ ಕ್ಯಾನಿನಲ್ಲಿ 5 ಲೀಟರ್ ಡೀಸೆಲ್ ತುಂಬಿ, ಹೊಸ ಹೋಸಿನಿಂದ ನೇರ ಫೀಡ್ ಪಂಪಿಗೆ ಕೊಡಿ. ರಾತ್ರಿ ಹಾಗೆಯೇ ಬಿಟ್ಟು ಬೆಳಗ್ಗೆ ಒಂದೇ ಸಲಕ್ಕೆ ಹಿಡಿದರೆ ಟ್ಯಾಂಕ್ ಅಥವಾ ಪೈಪ್ ತಪ್ಪು. ಆಗಲೂ ಹಿಡಿಯದಿದ್ದರೆ ಫಿಲ್ಟರಿನ ರಬ್ಬರ್ ರಿಂಗ್, ಬ್ಯಾಂಜೋ ಬೋಲ್ಟಿನ (ಒಳಗೆ ತೂತಿದ್ದು ಇಂಧನ ಹಾಯಿಸುವ ಬೋಲ್ಟ್) ತಾಮ್ರದ ವಾಷರ್, ರಿಟರ್ನ್ ಪೈಪ್ ನೋಡಿ. ತಾಮ್ರದ ವಾಷರನ್ನು ಬಿಚ್ಚಿದ ಪ್ರತಿ ಸಲ ಹೊಸದು ಹಾಕಿ. ಟ್ಯಾಂಕ್ ಅರ್ಧಕ್ಕಿಂತ ಕಡಿಮೆಯಾದಾಗ ಮಾತ್ರ ತೊಂದರೆ ಬಂದರೆ, ಟ್ಯಾಂಕಿನೊಳಗೆ ಇಳಿದ ಎಳೆ ಪೈಪಿನಲ್ಲಿ ಆ ಎತ್ತರಕ್ಕೆ ತೂತಿದೆ. ಹೊರಗಿನ ಪೈಪ್ ಎಷ್ಟು ಬದಲಿಸಿದರೂ ಅದು ಹೋಗದು.

ಕಾರ್ಬ್ಯುರೇಟರಿನ ಪೆಟ್ರೋಲ್ ಗಾಡಿಯಲ್ಲೂ ಪಂಪ್ ಇಂಜಿನಿನ ಮೇಲಿದ್ದರೆ ಹೀಗೆಯೇ: ಏರಿನಲ್ಲಿ ಉಸಿರುಗಟ್ಟುತ್ತದೆ, ಸಮತಟ್ಟಿನಲ್ಲಿ ಸರಿ. 2023ರಿಂದ ಪೆಟ್ರೋಲ್ ಬಂಕುಗಳಿಗೆ 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್ ಬರತೊಡಗಿದ ಮೇಲೆ ಹಳೆಯ ರಬ್ಬರ್ ಹೋಸುಗಳ ಮೇಲೆ ಕಣ್ಣಿಡುವುದು ಅಗತ್ಯ. ಹೋಸನ್ನು ಬೆರಳಿಗೆ ಸುತ್ತಿ ಬಾಗಿಸಿ. ಹೊರಮೈಯಲ್ಲಿ ಬಿರುಕು ತೆರೆದರೆ, ಅಥವಾ ಹಿಂಡಿದಾಗ ಅಂಟಂಟಾಗಿ ಮೆತ್ತಗಿದ್ದರೆ ಬದಲಿಸಿ. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನ ತಳದಲ್ಲಿ ನೀರು ಬೇರ್ಪಟ್ಟು, ಉಕ್ಕಿನ ಪೈಪ್ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಫಿಲ್ಟರಿನಲ್ಲಿ ಮತ್ತೆ ಮತ್ತೆ ಕೆಂಪು ಪುಡಿ ಸಿಕ್ಕರೆ ಅದೇ ಕಾರಣ.

ಪೆಟ್ರೋಲ್ ಪೈಪ್ ಬಿಚ್ಚುವುದು ಬಯಲಿನಲ್ಲಿ, ಇಂಜಿನ್ ತಣ್ಣಗಿದ್ದಾಗ, ಬ್ಯಾಟರಿ ಬಿಚ್ಚಿಟ್ಟು. ಅಡಿಕೆ ಒಣಗಿಸುವ ಹೊಗೆಗೂಡು, ಸ್ನಾನದ ಒಲೆ ಹತ್ತಿರ ಉರಿಯುತ್ತಿರಬಾರದು. ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಪೆಟ್ರೋಲನ್ನು ಒತ್ತಡದಿಂದ ಚಿಮ್ಮಿಸುವ) ಗಾಡಿಯಲ್ಲಿ ಪೈಪಿನೊಳಗೆ ಸುಮಾರು 3 ಬಾರ್ ಒತ್ತಡ ಉಳಿದಿರುತ್ತದೆ. ಬ್ಯಾಟರಿ ಬಿಚ್ಚುವ ಮೊದಲು ಪಂಪಿನ ಫ್ಯೂಸ್ ತೆಗೆದು, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಇಂಥ ಗಾಡಿಗೆ ಕಾರ್ಬ್ಯುರೇಟರಿನ ಅಗ್ಗದ ಹೋಸ್ ಹಾಕಬೇಡಿ, ಮೈಮೇಲೆ ಎಸ್‌ಎಇ ಜೆ30 ಆರ್9 ಎಂದು ಮುದ್ರಿಸಿದ ಇಂಜೆಕ್ಷನ್ ಹೋಸೇ ಬೇಕು. ಹೊಸ ಉಕ್ಕಿನ ಪೈಪ್ ಹಳೆಯದರ ಅಳತೆಯದೇ ಇರಲಿ, ಸಾಮಾನ್ಯವಾಗಿ ಹೋಗುವುದು 8 ಮಿ.ಮೀ., ಮರಳುವುದು 6 ಮಿ.ಮೀ. ಹೋಸ್ ಸೇರುವ ತುದಿಯಲ್ಲಿ ಉಬ್ಬು ಉಂಗುರ ಇರಬೇಕು, ಹೋಸ್ ಅದನ್ನು ದಾಟಿ 25 ಮಿ.ಮೀ. ಒಳಹೋಗಬೇಕು, ಕ್ಲಾಂಪ್ ಉಂಗುರದ ಆಚೆ ಕೂರಬೇಕು. ಉಂಗುರದ ಮೇಲೆಯೇ ಬಿಗಿಸಿದ ಕ್ಲಾಂಪ್ ರಬ್ಬರನ್ನು ಕತ್ತರಿಸುತ್ತದೆ.

ಇಂಧನ ಪೈಪನ್ನು ಬ್ರೇಕ್ ಪೈಪಿಗೆ ಕಟ್ಟಬೇಡಿ. ಎರಡೂ ಒಂದನ್ನೊಂದು ಉಜ್ಜಿ ಸವೆಸುತ್ತವೆ.

ಮರುದಿನ ಬೆಳಗ್ಗೆ ಗಾಡಿ ಕದಲಿಸುವ ಮೊದಲು ಅಡಿಗೆ ಹಾಸಿದ ಕಾಗದ ನೋಡಿ, ಬ್ರೇಕ್ ಡಬ್ಬಿಯ ಗುರುತು ನೋಡಿ. 100 ಕಿ.ಮೀ. ಓಡಿದ ಮೇಲೆ ಎಲ್ಲ ನಟ್ಟುಗಳನ್ನು ಒಮ್ಮೆ ಮುಟ್ಟಿ, ಕ್ಲಿಪ್ಪುಗಳನ್ನು ಅಲುಗಿಸಿ ಪರೀಕ್ಷಿಸಿ. ಬೋರ್ಡೋ ಸಿಂಪಡಣೆಗೆ ಡ್ರಮ್ ಹೊತ್ತ ದಿನ ಸಂಜೆಯೇ ಗಾಡಿಯ ಅಡಿಭಾಗಕ್ಕೆ ಪಂಪಿನ ನೀರು ಹಾಯಿಸಿ, ಕ್ಲಿಪ್ಪುಗಳ ಸಂದಿಯಿಂದ ಬರುವ ನೀರು ತಿಳಿಯಾಗುವವರೆಗೆ ತೊಳೆಯಿರಿ.